ಲಾಕ್‌ಡೌನ್ ನಿಯಮಗಳು: ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಪದೇ ಪದೇ ಕೇಳಿದ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಕುಮಟಾದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಮಶಿನ್, ಒಂದು ಕಂಪ್ಯೂಟರ್, ಲ್ಯಾಮಿನೇಶನ್, ಪಹಣಿ, ಆನ್‌ಲೈನ್ ಅರ್ಜಿ. 2020ರ ಮಾರ್ಚ್‌ನಿಂದ ಸುಮಾರು ಎರಡು ವರ್ಷ, ಕೊರೋನಾ ಕಾಲದಲ್ಲಿ, ಇದು ಅಂಗಡಿಗಿಂತ ಜಾಸ್ತಿ ವಿಚಾರಣಾ ಕೇಂದ್ರ ಆಗಿತ್ತು. ನಾಳೆ ಎಷ್ಟು ಗಂಟೆವರೆಗೆ ಪೇಟೆ? ಶಿರಸಿಗೆ ಹೋಗಲು ಪಾಸ್ ಬೇಕಾ? ಮದುವೆಗೆ ಎಷ್ಟು ಜನ? ದೊಡ್ಡ ಕಚೇರಿಯಲ್ಲಿ ಕೇಳಬೇಕಾದ್ದನ್ನೆಲ್ಲ ನನ್ನ ಹತ್ತಿರ ಕೇಳುತ್ತಿದ್ದರು. ಆದೇಶದ ಪಿಡಿಎಫ್ ಪ್ರಿಂಟ್ ತೆಗೆಯುತ್ತಿದ್ದದ್ದು ನಾನಲ್ವಾ, ಅದಕ್ಕೆ.

ಈಗಲೂ ಆ ದಿನಗಳ ಮಾತು ಬಂದರೆ ಅದೇ ಪ್ರಶ್ನೆ, ಅದೇ ಸಿಟ್ಟು. ಒಂದು ಸಲ ಬರೆದಿಟ್ಟರೆ ಆಯ್ತು ಅಂತ ಕೂತಿದ್ದೇನೆ. ನಾನು ವಕೀಲಿ ಓದಿಲ್ಲ, ಡಾಕ್ಟರಿಕೆಯೂ ಗೊತ್ತಿಲ್ಲ. ಆದರೆ ಆ ಆದೇಶಗಳನ್ನು ನನ್ನಷ್ಟು ಸಲ ಓದಿದವರು ನಮ್ಮ ಪೇಟೆಯಲ್ಲಿ ಕಡಿಮೆ.

ಅಷ್ಟಕ್ಕೂ ನಿಯಮ ಮಾಡಿದ್ದು ಯಾರು? ದಿಲ್ಲಿಯವರಾ, ಬೆಂಗಳೂರಿನವರಾ, ಕಾರವಾರದವರಾ?

ಮೂವರೂ. ಗೊಂದಲ ಹುಟ್ಟಿದ್ದೇ ಅಲ್ಲಿ.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ ಬಂದು 21 ದಿನದ ಲಾಕ್‌ಡೌನ್ ಅಂದರು. ಮಧ್ಯರಾತ್ರಿಯಿಂದಲೇ ಜಾರಿ. ಮರುದಿನ ಯುಗಾದಿ. ಬೇವು ಬೆಲ್ಲ ತರುವುದಕ್ಕೂ ಪುರಸೊತ್ತು ಇರಲಿಲ್ಲ. ಅದಕ್ಕೆ ಆಧಾರ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಕೇಂದ್ರ ಗೃಹ ಇಲಾಖೆ ಆ ಕಾಯ್ದೆಯಡಿ ಹೊರಡಿಸಿದ ಮಾರ್ಗಸೂಚಿಯನ್ನು ರಾಜ್ಯ ಸಡಿಲ ಮಾಡುವ ಹಾಗಿರಲಿಲ್ಲ. ಬೇಕಾದರೆ ಇನ್ನಷ್ಟು ಬಿಗಿ ಮಾಡಬಹುದಿತ್ತು. ರಾಜ್ಯದ ಆದೇಶ ಬಂದ ಮೇಲೆ ಡಿಸಿ ಜಿಲ್ಲೆಗೆ ಅಂತ ಇನ್ನೊಂದು ಮಾಡುತ್ತಿದ್ದರು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು, ಜನ ಗುಂಪು ಸೇರದಂತೆ ತಡೆಯುವ ಆಗಿನ 144ನೇ ಸೆಕ್ಷನ್ ಹಾಕುವ ಅಧಿಕಾರವೂ ಅವರಿಗಿತ್ತು. ಅದರ ಕೆಳಗೆ ತಹಶೀಲ್ದಾರ್, ಪುರಸಭೆ, ಪೊಲೀಸ್, ಪಿಡಿಒ, ಊರಿನ ಟಾಸ್ಕ್‌ಫೋರ್ಸ್. ಇವೆಲ್ಲದರ ಹಿಂದೆ ಬ್ರಿಟಿಷರ ಕಾಲದ, 1897ರ ಸಾಂಕ್ರಾಮಿಕ ರೋಗ ಕಾಯ್ದೆ ಬೇರೆ.

ಅಂದರೆ ಬಿಗಿ ಮಾಡಲು ಮೇಲಿಂದ ಕೆಳಗಿನವರೆಗೆ ಎಲ್ಲರಿಗೂ ದಾರಿ ಇತ್ತು. ಸಡಿಲ ಮಾಡಲು ಕೆಳಗಿನವರಿಗೆ ಇರಲಿಲ್ಲ. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಅಡುಗೆಮನೆಗೆ ಹೋಗಿ ಸಾರಿಗೆ ಒಂದೊಂದು ಚಿಟಿಕೆ ಉಪ್ಪು ಹಾಕಿ ಬಂದ ಹಾಗೆ. ದಿಲ್ಲಿಯಲ್ಲಿ ಹಾಕಿದ್ದೇ ಸಾಕಿತ್ತು. ಕುಮಟಾಕ್ಕೆ ಬರುವಾಗ ಬಾಯಿಗಿಡಲು ಆಗುತ್ತಿರಲಿಲ್ಲ.

ಕೆಲವು ಊರುಗಳಲ್ಲಿ ಹುಡುಗರೇ ರಸ್ತೆಗೆ ಅಡ್ಡ ಮರದ ದಿಮ್ಮಿ ಹಾಕಿ "ಹೊರಗಿನವರಿಗೆ ಪ್ರವೇಶವಿಲ್ಲ" ಅಂತ ಬೋರ್ಡ್ ಇಟ್ಟಿದ್ದರು. ಅದಕ್ಕೆ ಯಾವ ಕಾಯ್ದೆಯೂ ಇರಲಿಲ್ಲ. ಭಯ ಇತ್ತು, ಅಷ್ಟೇ.

ಪಾಸ್‌ನ ಪ್ರಿಂಟ್ ತೋರಿಸಿ ಅಂದರು, ಪ್ರಿಂಟ್ ಅಂಗಡಿಯನ್ನೇ ಬಂದ್ ಮಾಡಿಸಿದರು. ಇದೆಂತ ನ್ಯಾಯ?

ಇದು ನನ್ನದೇ ಪ್ರಶ್ನೆ. ಜನ ಕೇಳುವ ಮೊದಲು ನಾನು ಕೇಳಿದ್ದು.

ಅಗತ್ಯ ವಸ್ತುಗಳ ಪಟ್ಟಿಯಲ್ಲಿ ರೇಷನ್, ಕಿರಾಣಿ, ಹಾಲು, ತರಕಾರಿ, ಮೀನು, ಮಾಂಸ, ದನದ ಹಿಂಡಿ, ಔಷಧಿ, ಬ್ಯಾಂಕ್, ಗ್ಯಾಸ್, ಪೆಟ್ರೋಲ್ ಇದ್ದವು. ಜೆರಾಕ್ಸ್ ಇರಲಿಲ್ಲ. ಸರಿ, ಜೆರಾಕ್ಸ್ ಇಲ್ಲದೆ ಯಾರೂ ಸಾಯುವುದಿಲ್ಲ. ಆದರೆ ಪಾಸ್ ಆನ್‌ಲೈನ್‌ನಲ್ಲಿ ಬರುತ್ತಿತ್ತು. ಒಂದು ಚೆಕ್‌ಪೋಸ್ಟಿನಲ್ಲಿ ಮೊಬೈಲಿನಲ್ಲೇ ತೋರಿಸಿದರೆ ಅಡ್ಡಿಲ್ಲ ಅನ್ನುತ್ತಿದ್ದರು, ಮುಂದಿನದರಲ್ಲಿ ಕಾಗದ ಕೇಳುತ್ತಿದ್ದರು. ಡಯಾಲಿಸಿಸ್‌ಗೆ ಹೋಗುವವರು, ಹೆರಿಗೆಗೆ ಮಗಳನ್ನು ಕರೆದುಕೊಂಡು ಹೋಗುವವರು ಕಾಗದಕ್ಕೆ ಎಲ್ಲಿ ಹೋಗಬೇಕು?

ಹಾಗಾಗಿ ನಾನು ಶಟರ್ ಒಂದು ಗೇಣು ಎತ್ತಿ ಒಳಗೆ ಕೂರುತ್ತಿದ್ದೆ. ಲೈಟ್ ಹಾಕುತ್ತಿರಲಿಲ್ಲ, ಕಂಪ್ಯೂಟರಿನ ಬೆಳಕು ಸಾಕಾಗುತ್ತಿತ್ತು. ಹೊರಗಿನಿಂದ ಒಂದು ಕೈ ಒಳಗೆ ಬರುತ್ತಿತ್ತು, ಕೈಯಲ್ಲಿ ಮೊಬೈಲ್. ಮುಖ ಕಾಣುತ್ತಿರಲಿಲ್ಲ. ಬಳೆ ಇರುವ ಕೈ, ಅಡಿಕೆ ಚೊಗರಿನ ಕಲೆ ಹಿಡಿದ ಕೈ, ನಡುಗುವ ಕೈ. ಪ್ರಿಂಟ್ ಕೊಟ್ಟರೆ ಚಿಲ್ಲರೆ ನೆಲದ ಮೇಲೆ ಉರುಳಿ ಬರುತ್ತಿತ್ತು. ಒಂದು ದಿನ ಶಟರಿಗೆ ಲಾಠಿಯ ತುದಿಯಿಂದ ಟಕಟಕ ಅಂತ ಶಬ್ದ. ನನ್ನ ಜೀವ ಹೋದ ಹಾಗಾಯ್ತು. ಹೊರಗಿನಿಂದ ಮೆಲ್ಲಗೆ ಒಂದು ದನಿ: "ಹೆದರಬೇಡಿ, ಹೊಸ ಆದೇಶದ್ದು ಎರಡು ಕಾಪಿ ಬೇಕಿತ್ತು. ನಮ್ಮ ಪ್ರಿಂಟರ್ ಕೆಟ್ಟಿದೆ."

ಭಟ್ಕಳದಲ್ಲಿ ಬಂದ್, ಪಕ್ಕದ ಶಿರೂರಲ್ಲಿ ಓಪನ್. ವೈರಸ್‌ಗೆ ಗಡಿ ಗೊತ್ತಿತ್ತಾ?

ವೈರಸ್‌ಗೆ ಗೊತ್ತಿರಲಿಲ್ಲ, ಕಾಗದಕ್ಕೆ ಗೊತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಮೊದಲ ಕೇಸುಗಳು ಬಂದದ್ದು ಭಟ್ಕಳದಲ್ಲಿ. ಗಲ್ಫ್‌ನಿಂದ ಬಂದವರು ಅಲ್ಲಿ ಜಾಸ್ತಿ, ಹಾಗಾಗಿ ಅದು ಆಶ್ಚರ್ಯವೂ ಅಲ್ಲ. 2020ರ ಏಪ್ರಿಲ್ ಕೊನೆಗೆ ಕೇಂದ್ರ ಇಡೀ ದೇಶದ ಜಿಲ್ಲೆಗಳಿಗೆ ಕೆಂಪು, ಕಿತ್ತಳೆ, ಹಸಿರು ಬಣ್ಣ ಬಳಿಯಿತು; ಕೆಂಪಿಗೆ ಎಲ್ಲಕ್ಕಿಂತ ಬಿಗಿ, ಹಸಿರಿಗೆ ಎಲ್ಲಕ್ಕಿಂತ ಸಡಿಲ. ಉತ್ತರ ಕನ್ನಡ ಕಿತ್ತಳೆ. ಸುತ್ತ ನೋಡಿ: ಉಡುಪಿ ಹಸಿರು, ಶಿವಮೊಗ್ಗ ಹಸಿರು, ಹಾವೇರಿ ಹಸಿರು, ಗೋವಾ ಪೂರ್ತಿ ಹಸಿರು. ಧಾರವಾಡ, ಬೆಳಗಾವಿ ನಮ್ಮ ಹಾಗೇ ಕಿತ್ತಳೆ. ಶಿರೂರಿನವರಿಗೆ ಬಟ್ಟೆ, ಬಂಗಾರ, ಆಸ್ಪತ್ರೆ ಎಲ್ಲಕ್ಕೂ ಭಟ್ಕಳ ಪೇಟೆ ಹತ್ತಿರ. ಆದರೆ ಅವರು ಉಡುಪಿ ಜಿಲ್ಲೆ, ಬಣ್ಣ ಬೇರೆ.

ಇದರಲ್ಲಿ ನನಗೆ ಹೆಚ್ಚು ಸಿಟ್ಟು ತರಿಸಿದ್ದು ಇನ್ನೊಂದು. ಜಿಲ್ಲೆ ಅಂದರೆ ಒಂದೇ ಬಣ್ಣ. ಜೊಯಿಡಾದ ಕಾಡಿನಲ್ಲಿ ಮೈಲಿಗೆ ಒಂದು ಮನೆ ಇರುವವನಿಗೂ ಭಟ್ಕಳದ ಗಲ್ಲಿಯವನಿಗೂ ಒಂದೇ ಹಣೆಪಟ್ಟಿ. ತಾಲೂಕು ಲೆಕ್ಕ ಹಿಡಿದಿದ್ದರೆ ಏನು ಹೋಗುತ್ತಿತ್ತು?

ಮುಂದಿನ ವರ್ಷ ಇದೇ ಆಟ ತಿರುಗಿ ಬಂತು. 2021ರ ಜೂನ್ 14ರಿಂದ ನಮ್ಮ ಜಿಲ್ಲೆಗೆ ಸಡಿಲಿಕೆ ಸಿಕ್ಕಿತು. ಪಾಸಿಟಿವಿಟಿ, ಅಂದರೆ ನೂರು ಟೆಸ್ಟಿನಲ್ಲಿ ಎಷ್ಟು ಪಾಸಿಟಿವ್ ಅನ್ನುವ ಲೆಕ್ಕ, ಜಾಸ್ತಿ ಅಂತ 11 ಜಿಲ್ಲೆಗಳಲ್ಲಿ ಲಾಕ್‌ಡೌನ್ ಮುಂದುವರಿಯಿತು. ಅದರಲ್ಲಿ ಶಿವಮೊಗ್ಗವೂ ಇತ್ತು, ಬೆಳಗಾವಿಯೂ ಇತ್ತು. ಬನವಾಸಿಯಲ್ಲಿ ಬಾಗಿಲು ತೆಗೆದರು, ಪಕ್ಕದ ಸೊರಬದಲ್ಲಿ ತೆಗೆಯಲಿಲ್ಲ. ಒಂದೇ ವಾರ ಕಳೆದು 21ನೇ ತಾರೀಖಿಗೆ ನೋಡಿದರೆ, ಪೂರ್ತಿ ಬಂದ್ ಇದ್ದ ಬೆಳಗಾವಿ ಎಲ್ಲಕ್ಕಿಂತ ಹೆಚ್ಚು ಸಡಿಲಿಕೆಯ ಪಟ್ಟಿಯಲ್ಲಿ ನಮ್ಮ ಪಕ್ಕದಲ್ಲೇ ಕೂತಿತ್ತು, ಸಂಜೆ 5ರವರೆಗೆ ಅಂಗಡಿ. ಸೊರಬದವರಿಗೆ ಮಧ್ಯಾಹ್ನ 2. ಶೇಕಡಾ 5ಕ್ಕಿಂತ ಕೆಳಗೆ, 5ರಿಂದ 10, 10ಕ್ಕಿಂತ ಮೇಲೆ ಅಂತ ಲೆಕ್ಕ ಇತ್ತು, ನಿಜ. ಆ ಲೆಕ್ಕವನ್ನು ಅಂಗಡಿ ಕಟ್ಟೆಯ ಮೇಲೆ ಕೂತವರಿಗೆ ಬಿಡಿಸಿ ಹೇಳಿದವರು ಯಾರೂ ಇಲ್ಲ.

ಬಸ್ಸಿಗಿಂತ ಮೊದಲು ಬಾರ್ ಯಾಕೆ?

ದುಡ್ಡು. ಸುತ್ತಿ ಬಳಸಿ ಹೇಳುವುದೇನೂ ಇಲ್ಲ.

2020ರ ಮೇ 4ಕ್ಕೆ ಮದ್ಯದಂಗಡಿ ತೆರೆದವು. ಸರ್ಕಾರಿ ಬಸ್ ಓಡಿದ್ದು ಮೇ 19ಕ್ಕೆ. ದೇವಸ್ಥಾನ ತೆರೆದದ್ದು ಜೂನ್ 8ಕ್ಕೆ. ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲೇ ಉಳಿದ ದೊಡ್ಡ ತೆರಿಗೆಗಳಲ್ಲಿ ಅಬಕಾರಿ ಒಂದು. ಅಂಗಡಿ ತೆಗೆದ ಬೆನ್ನಿಗೇ ಸುಂಕವನ್ನೂ ಏರಿಸಿದರು. ನಾಲ್ಕಡಿ ದೂರಕ್ಕೆ ಸುಣ್ಣದ ವೃತ್ತ ಬರೆದು, ಹಗ್ಗ ಕಟ್ಟಿ, ಬೆಳಿಗ್ಗೆಯಿಂದ ಸಾಲು. ಸಾಲಿನಲ್ಲಿ ನಿಂತವರನ್ನು ನಾನು ಬೈಯುವುದಿಲ್ಲ. ಆದರೆ ಅದೇ ರಸ್ತೆಯಲ್ಲಿ, ಬಸ್ಸಿಲ್ಲದೆ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಯ ಕಡೆ ನಡೆಯುತ್ತಿದ್ದವರನ್ನೂ ನೋಡಿದ್ದೇನೆ. ಯಾವುದು ಅಗತ್ಯ ವಸ್ತು ಅಂತ ಯಾರು ತೀರ್ಮಾನ ಮಾಡುತ್ತಾರೆ ಅನ್ನುವ ಪ್ರಶ್ನೆ ಅವತ್ತು ತಲೆಗೆ ಹೊಕ್ಕದ್ದು ಇನ್ನೂ ಹೋಗಿಲ್ಲ.

ಬೆಳಿಗ್ಗೆ 6ರಿಂದ 10 ಮಾತ್ರ ಅಂದರೆ ಜನ ಕಡಿಮೆ ಆಗುತ್ತಾರಾ, ಜಾಸ್ತಿ ಆಗುತ್ತಾರಾ?

ಜಾಸ್ತಿ. ಇದಕ್ಕೆ ಡಾಕ್ಟರ್ ಬೇಕಾಗಿಲ್ಲ. ಇಡೀ ದಿನದ ಪೇಟೆಯನ್ನು ನಾಲ್ಕು ಗಂಟೆಗೆ ತುರುಕಿದರೆ ಹೆಗಲಿಗೆ ಹೆಗಲು ತಾಗುತ್ತದೆ. 2021ರ ಏಪ್ರಿಲ್ 27ರ ರಾತ್ರಿಯಿಂದ ಶುರುವಾದ ಬಂದ್‌ನಲ್ಲಿ ಇದೇ ಸಮಯ. ಬೆಳಿಗ್ಗೆ ಎಂಟೂವರೆಗೆ ಕುಮಟಾದ ಕಿರಾಣಿ ಅಂಗಡಿಗಳ ಮುಂದೆ ಬಂಡಿಹಬ್ಬದ ಗಲಾಟೆ, ಹತ್ತೂಕಾಲಿಗೆ ಸ್ಮಶಾನ.

ಮೀನಿನವರ ಪಾಡು ಇನ್ನೂ ಕಷ್ಟ. ನಮ್ಮ ಕೇರಿಗೆ ದಿನಾ ಮೀನು ತರುವ ಅಕ್ಕ ಒಬ್ಬಳು ಇದ್ದಾಳೆ. ತದಡಿಯಲ್ಲಿ ಬೋಟು ಬಂದು, ಹರಾಜು ಆಗಿ, ಬುಟ್ಟಿ ತುಂಬಿಸಿ, ಸಿಕ್ಕಿದ ಗಾಡಿ ಹತ್ತಿ ಅವಳು ಇಲ್ಲಿಗೆ ಬರುವಾಗ ಒಂಬತ್ತೂವರೆ. ಉಳಿದದ್ದು ಅರ್ಧ ಗಂಟೆ. ಒಂದು ದಿನ ಅರ್ಧ ಬುಟ್ಟಿ ಬಂಗಡೆ ಹಾಗೇ ಉಳಿಯಿತು. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಸಮುದ್ರಕ್ಕೆ ಹೇಳ್ಬೇಕಾಯ್ತಲ್ಲ, ಹತ್ತು ಗಂಟೆ ಒಳಗೆ ಮೀನು ಕೊಡು ಅಂತ" ಅಂದಳು. ನಾನು ಎರಡು ಪಾಲು ತೆಗೆದುಕೊಂಡೆ. ಉಳಿದದ್ದಕ್ಕೆ ಮನೆಯಲ್ಲಿ ಉಪ್ಪು ಹಾಕುತ್ತೇನೆ ಅಂತ ಹೋದಳು. ಉಪ್ಪು ಹಾಕಿದ ಬಂಗಡೆಗೆ ಹಸಿ ಬಂಗಡೆಯ ರೇಟು ಬರುವುದಿಲ್ಲ.

ಹಿಂದಿನ ವರ್ಷವೂ ಅವಳ ಕಥೆ ಹೀಗೇ. 2020ರ ಏಪ್ರಿಲ್ 10ಕ್ಕೆ ಕೇಂದ್ರ ಮೀನುಗಾರಿಕೆಗೆ ವಿನಾಯಿತಿ ಕೊಟ್ಟಿತ್ತು. ಆದರೆ ಮೀನು ಹಿಡಿಯಬಹುದು ಅಂದಮಾತ್ರಕ್ಕೆ ಆಗಲಿಲ್ಲ, ಮಂಜುಗಡ್ಡೆ ಸಿಗಬೇಕು, ಲಾರಿ ಸಿಗಬೇಕು, ತಿನ್ನುವ ಹೋಟೆಲು ತೆರೆದಿರಬೇಕು. ಕೊಂಡಿ ಒಂದು ಕಡೆ ಬಿಗಿದು ಇನ್ನೊಂದು ಕಡೆ ಬಿಚ್ಚಿದರೆ ಸರಪಳಿ ಎಳೆಯುವುದಿಲ್ಲ. ಒಂದು ಮಾತ್ರ ಸರಿ ಮಾಡಿದರು: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನದ ಮಳೆಗಾಲದ ನಿಷೇಧವನ್ನು ಆ ವರ್ಷ 47 ದಿನಕ್ಕೆ ಇಳಿಸಿದರು. ಅವಳಿಗೆ ಅದರ ಸುದ್ದಿ ಹೇಳಿದಾಗ "ಮಳೆ ಕೇಳ್ಬೇಕಲ್ಲ" ಅಂದಿದ್ದಳು.

ನಡೆದುಕೊಂಡೇ ಪೇಟೆಗೆ ಹೋಗಿ ಅಂತ ನಿಜವಾಗಿಯೂ ನಿಯಮ ಇತ್ತಾ?

ಇತ್ತು. 2021ರ ಮೇ 10ರಿಂದ ಲಾಕ್‌ಡೌನ್ ಬಿಗಿಯಾದಾಗ, ಸಾಮಾನು ತರಲು ವಾಹನ ತೆಗೆಯಬಾರದು ಅಂತ ಹೇಳಿದ್ದರು. ಬೆಂಗಳೂರಿನಲ್ಲಿ ರಸ್ತೆ ತಿರುವಿಗೊಂದು ಅಂಗಡಿ ಇದೆ, ಅಲ್ಲಿ ಕೂತು ಬರೆದವರಿಗೆ ಇದು ಸರಿಯೆನಿಸಿರಬಹುದು. ದೇವಿಮನೆ ಘಟ್ಟದ ಬುಡದಲ್ಲಿ ಮನೆ ಇರುವವರು ಅಕ್ಕಿ ಮೂಟೆ, ಹಿಂಡಿ ಚೀಲ ಹೊತ್ತು ಎಷ್ಟು ದೂರ ನಡೆಯಬೇಕು ಅಂತ ಯೋಚನೆ ಮಾಡಿದ ಹಾಗೆ ಕಾಣಲಿಲ್ಲ. ಮೊದಲ ದಿನವೇ ರಾಜ್ಯದ ಹಲವು ಕಡೆ ಲಾಠಿ ಬೀಸಿದ ವಿಡಿಯೋಗಳು ಹರಿದಾಡಿದವು. ಆಮೇಲೆ ಸ್ಪಷ್ಟನೆ ಬಂತು: ಹತ್ತಿರದ ಅಂಗಡಿಗೆ ಗಾಡಿಯಲ್ಲಿ ಹೋಗಬಹುದು. ಮೊದಲ ದಿನ ಪೆಟ್ಟು ತಿಂದವನ ಬೆನ್ನಿಗೆ ಸ್ಪಷ್ಟನೆ ಹಚ್ಚಲು ಆಗುತ್ತದಾ?

ನಮ್ಮೂರಲ್ಲಿ ರಾತ್ರಿ ಕರ್ಫ್ಯೂ ಯಾರಿಗೆ?

ನಾಯಿಗಳಿಗೆ. ಒಂಬತ್ತೂವರೆಗೆ ಕುಮಟಾ ಮಲಗುತ್ತದೆ.

ಪಬ್ಬು, ಪಾರ್ಟಿ ಇರುವ ಊರುಗಳಿಗೆ ರಾತ್ರಿ ಕರ್ಫ್ಯೂ ಉಪಯೋಗಕ್ಕೆ ಬಂದಿರಬಹುದು. ನಮ್ಮಲ್ಲಿ ಅದರ ಹೊಡೆತ ಬಿದ್ದದ್ದು ಯಕ್ಷಗಾನಕ್ಕೆ. ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇವರೆಗೆ ನಡೆಯುತ್ತದೆ. ಮಾರ್ಚ್, ಏಪ್ರಿಲ್ ಅಂದರೆ ಆಟದ ಸುಗ್ಗಿ. ಸತತ ಎರಡು ವರ್ಷ ಸರಿಯಾಗಿ ಆ ಹೊತ್ತಿಗೇ ಬಾಗಿಲು ಬಿತ್ತು. ಬೆಳಗಿನವರೆಗೆ ಆಡುವ ಆಟವನ್ನು ರಾತ್ರಿ ಒಂಬತ್ತಕ್ಕೆ ಮುಗಿಸಿ ಅಂದರೆ ಪೂರ್ವರಂಗಕ್ಕೇ ಮಂಗಳ ಹಾಡಿದ ಹಾಗೆ. ವೇಷಧಾರಿಗಳು ಕೆಲವರು ತೋಟದ ಕೂಲಿಗೆ ಹೋದರು.

ನಿಯಮದ ಅಸ್ಥಿರತೆಗೆ ಒಂದೇ ಉದಾಹರಣೆ ಕೊಡಿ ಅಂದರೆ ನಾನು 2020ರ ಡಿಸೆಂಬರ್ ಹೇಳುತ್ತೇನೆ. 23ನೇ ತಾರೀಖು, ಇವತ್ತಿನಿಂದಲೇ ರಾತ್ರಿ 10ರಿಂದ ಬೆಳಿಗ್ಗೆ 6 ಕರ್ಫ್ಯೂ ಅಂತ ಘೋಷಣೆ. ಅದೇ ದಿನ ಬದಲಾಯಿತು: ನಾಳೆಯಿಂದ, 11ರಿಂದ 5. ಮರುದಿನ 24ಕ್ಕೆ ಕರ್ಫ್ಯೂವೇ ವಾಪಸ್. ಹುಟ್ಟುವ ಮೊದಲೇ ಹೆಸರು ಬದಲಾಗಿ ಸತ್ತ ನಿಯಮ ಅದು. ಅದರ ಹಿಂದೆ ಮುಂದೆ ಏನಿತ್ತು ಗೊತ್ತಾ? ಗ್ರಾಮ ಪಂಚಾಯತಿ ಚುನಾವಣೆ, 22ಕ್ಕೆ ಒಂದು ಹಂತ, 27ಕ್ಕೆ ಇನ್ನೊಂದು. ಹಗಲು ಮನೆಮನೆಗೆ ಹತ್ತಾರು ಜನ ಗುಂಪು ಕಟ್ಟಿ ಓಟು ಕೇಳಲು ಬಂದವರೇ ಬಂದವರು. ಮುಂದಿನ ಏಪ್ರಿಲ್ 17ಕ್ಕೆ ಬೆಳಗಾವಿ ಲೋಕಸಭಾ ಉಪಚುನಾವಣೆ ಮುಗಿಯಿತು. ಹತ್ತು ದಿನಕ್ಕೆ ಇಡೀ ರಾಜ್ಯ ಬಂದ್. "ಚುನಾವಣೆಗೆ ಬರದ ಕೊರೋನಾ ನಮ್ಮ ಮದುವೆಗೆ ಮಾತ್ರ ಬರ್ತದಾ?" ಅಂತ ಕೇಳಿದವರಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾಸ್ಕ್ ದಂಡ ಎಷ್ಟಿತ್ತು? ಒಬ್ಬರು 500 ಅಂತಾರೆ, ಒಬ್ಬರು 100 ಅಂತಾರೆ.

ಇಬ್ಬರೂ ಸರಿ. 2020ರ ಅಕ್ಟೋಬರ್ ಶುರುವಿಗೆ ನಗರಪಾಲಿಕೆ ಪ್ರದೇಶದಲ್ಲಿ 1,000, ಉಳಿದ ಕಡೆ 500 ಮಾಡಿದರು. ಜನ ಬೈದರು. ವಾರದೊಳಗೆ 250 ಮತ್ತು 100ಕ್ಕೆ ಇಳಿಯಿತು. ನಮ್ಮ ಜಿಲ್ಲೆಯಲ್ಲಿ ನಗರಪಾಲಿಕೆಯೇ ಇಲ್ಲದ ಕಾರಣ ನಮಗೆ 500 ಹೋಗಿ 100. ಆ ಒಂದು ವಾರದಲ್ಲಿ ಸಿಕ್ಕಿಬಿದ್ದವನ 400 ರೂಪಾಯಿ ಹೋಯ್ತು ಅಂತ ಇಟ್ಟುಕೊಳ್ಳಿ.

ಕಾರವಾರದಿಂದ ಗೋವಾಕ್ಕೆ ದಿನಾ ಕೆಲಸಕ್ಕೆ ಹೋಗುವವರು ಏನು ಮಾಡಿದರು?

ಒದ್ದಾಡಿದರು. ಮಾಜಾಳಿ ಚೆಕ್‌ಪೋಸ್ಟ್ ದಾಟಿದರೆ ಆಚೆ ಪೋಳೆಂ, ಗೋವಾ. ಕಾರವಾರ, ಸದಾಶಿವಗಡದ ಎಷ್ಟೋ ಮನೆಗಳ ಅನ್ನ ಆಚೆ ಕಡೆಯದು. ಮಾತು ಒಂದೇ, ನೆಂಟರು ಎರಡೂ ಕಡೆ. 2020ರಲ್ಲಿ ಮೊದಲು ಗಡಿ ಮುಚ್ಚಿತು. ಜೂನ್‌ನಲ್ಲಿ ಗೋವಾ ಹೇಳಿತು, 48 ಗಂಟೆಯೊಳಗಿನ ನೆಗೆಟಿವ್ ವರದಿ ತನ್ನಿ, ಇಲ್ಲದಿದ್ದರೆ 2,000 ರೂಪಾಯಿ ಕೊಟ್ಟು ಟೆಸ್ಟ್ ಮಾಡಿಸಿ. ಸೆಪ್ಟೆಂಬರ್ 1ರಿಂದ ಎಲ್ಲ ತೆರೆಯಿತು. 2021ರ ಮೇ 10ರಿಂದ, ಗೋವಾದ ಹೈಕೋರ್ಟ್ ಪೀಠದ ಆದೇಶದ ಮೇಲೆ, ಮತ್ತೆ ನೆಗೆಟಿವ್ ವರದಿ. ಈ ಸಲ 72 ಗಂಟೆ.

ದಿನಾ ಹೋಗಿ ಬರುವವನಿಗೆ 72 ಗಂಟೆ ಅಂದರೆ ಮೂರು ದಿನಕ್ಕೊಂದು ಸಲ ಮೂಗಿಗೆ ಕಡ್ಡಿ. ವರದಿ ಬರಲೇ ಒಂದೆರಡು ದಿನ ಹೋಗುತ್ತಿತ್ತು. ಕೈಗೆ ಬರುವಾಗ ಅದರ ಆಯುಷ್ಯ ಒಂದೇ ದಿನ. ಇದರ ಮಧ್ಯೆ 2020ರ ಆಗಸ್ಟ್‌ನಲ್ಲಿ ಕೇಂದ್ರ ಸ್ಪಷ್ಟವಾಗಿ ಹೇಳಿತ್ತು, ರಾಜ್ಯ ರಾಜ್ಯಗಳ ನಡುವೆ, ರಾಜ್ಯದೊಳಗೆ ಓಡಾಟಕ್ಕೆ ತಡೆ ಬೇಡ, ಪ್ರತ್ಯೇಕ ಪಾಸ್ ಬೇಡ ಅಂತ. ಹೊರರಾಜ್ಯದಿಂದ ಬರುವವರು ಆನ್‌ಲೈನ್‌ನಲ್ಲಿ ಮಾಡಬೇಕಿದ್ದ ಸೇವಾ ಸಿಂಧು ನೋಂದಣಿಯನ್ನೂ ಕರ್ನಾಟಕ ಆಗ ಕೈಬಿಟ್ಟಿತು. ಎಂಟು ತಿಂಗಳಿಗೆ ಎಲ್ಲ ತಿರುಗಿ ಬಂತು.

ನಮ್ಮ ಜಿಲ್ಲೆಗೆ ಇದು ಕೆಲಸದ ಪ್ರಶ್ನೆ ಮಾತ್ರ ಅಲ್ಲ. ದೊಡ್ಡ ಕಾಯಿಲೆ ಬಂದರೆ ನಾವು ಹೋಗುವುದು ಗೋವಾ, ಮಣಿಪಾಲ, ಮಂಗಳೂರು, ಹುಬ್ಬಳ್ಳಿ. ಯಾವ ದಿಕ್ಕಿಗೆ ಹೊರಟರೂ ಗಡಿ ದಾಟಲೇಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಜಿಲ್ಲೆಯ ಜನ ಅಷ್ಟು ಜೋರಾಗಿ ಕೂಗಿದ್ದರ ಹಿಂದೆ, ಚೆಕ್‌ಪೋಸ್ಟಿನಲ್ಲಿ ನಿಂತ ಆ ದಿನಗಳ ನೆನಪೂ ಇತ್ತು ಅಂತ ನನ್ನ ಲೆಕ್ಕ.

ಹೆಣ ಹೊರಲು ಐದೇ ಜನ ಅಂತ ಇತ್ತಾ?

ಇತ್ತು. 2020ರಲ್ಲಿ ಅಂತ್ಯಕ್ರಿಯೆಗೆ 20, ಮದುವೆಗೆ 50. 2021ರ ಏಪ್ರಿಲ್ ಕೊನೆಯಲ್ಲಿ ಮದುವೆಗೆ 50 ಇದ್ದಾಗ ಅಂತ್ಯಕ್ರಿಯೆಗೆ 5.

ನಮ್ಮ ದೊಡ್ಡಪ್ಪ ತೀರಿಕೊಂಡದ್ದು ಆಗಲೇ. ಕೊರೋನಾ ಅಲ್ಲ, ವಯಸ್ಸು. ಚಟ್ಟಕ್ಕೆ ನಾಲ್ವರು, ಬೆಂಕಿಯ ಮಡಕೆ ಹಿಡಿಯಲು ಮಗ ಒಬ್ಬ. ಅಲ್ಲಿಗೆ ಐದು. ಭಟ್ಟರು ಆರನೆಯವರು. ಅವರು ಬೇಲಿಯಾಚೆ ರಸ್ತೆಯಲ್ಲಿ ನಿಂತು, ಮಾಸ್ಕ್ ಗಲ್ಲಕ್ಕೆ ಇಳಿಸಿ, ಅಲ್ಲಿಂದಲೇ ಮಂತ್ರ ಹೇಳಿದರು. ಗಾಳಿಗೆ ಅರ್ಧ ಕೇಳಲಿಲ್ಲ. ಅಣ್ಣ ಎರಡೆರಡು ಸಲ "ಎಂತ ಹೇಳಿದ್ರಿ?" ಅಂತ ಕೂಗಿ ಕೇಳಬೇಕಾಯ್ತು. ನಾನು ಏಳನೆಯವನೋ ಎಂಟನೆಯವನೋ, ಮನೆ ಜಗಲಿಯಲ್ಲೇ ಉಳಿದೆ. ಹೊಗೆ ಕಂಡಿತು.

ಶಾಲೆ ಬಂದ್, ಮನೆಯಲ್ಲೇ ಇರಿ ಅಂದರು. ಮಕ್ಕಳು ಗುಡ್ಡ ಹತ್ತಿದ್ದು ಯಾಕೆ?

ನೆಟ್‌ವರ್ಕ್‌ಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೊಯಿಡಾ ಕಡೆ ಮನೆಯೊಳಗೆ ಸಿಗ್ನಲ್ ಬರುವುದು ಕಷ್ಟ. ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡದ ನೆತ್ತಿಯಲ್ಲಿ, ಕೆಲವರು ಮರದ ಮೇಲೆ ಅಟ್ಟ ಕಟ್ಟಿಕೊಂಡು ಕೂತರು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಉಂಬಳ ಕೀಳುತ್ತ ಲೆಕ್ಕದ ಪಾಠ ಕೇಳಿದರು. ಸಿಗ್ನಲ್ ಇರುವ ಜಾಗ ಒಂದೇ, ಹಾಗಾಗಿ ಹತ್ತು ಮನೆಯ ಮಕ್ಕಳು ಒಂದೇ ಕಡೆ. ಅಂತರ ಕಾಪಾಡಿ ಅಂದ ನಿಯಮವೇ ಅವರನ್ನು ಒಟ್ಟು ಸೇರಿಸಿತ್ತು.

ಸೀಲ್‌ಡೌನ್‌ನಿಂದ ಉಪಯೋಗ ಆಯ್ತಾ?

ನಮ್ಮ ಪಕ್ಕದ ಕೇರಿಯಲ್ಲಿ, ಸೋಂಕು ಬಂದ ಮನೆಯಿಂದ ಯಾರೂ ಹೊರಬರಬಾರದು ಅಂತ ಮುಂಬಾಗಿಲಿಗೆ ಬಿದಿರು ಗಳ ಕಟ್ಟಿ ಬೋರ್ಡ್ ಹಾಕಿದ್ದರು. ಹಿಂದೆ ತೋಟದ ದಾರಿ ಇತ್ತು. ಉಳಿದದ್ದು ನೀವೇ ಊಹೆ ಮಾಡಿ.

ಹೊಸ ರೋಗ, ಯಾರಿಗೂ ಗೊತ್ತಿರಲಿಲ್ಲ. ನಿಯಮ ಬದಲಾದದ್ದು ತಪ್ಪಾ?

ಬದಲಾದದ್ದು ತಪ್ಪಲ್ಲ. ಇದನ್ನು ಕೇಳುವವರು ಕಡಿಮೆ, ಆದರೆ ಕೇಳಲೇಬೇಕಾದ ಪ್ರಶ್ನೆ.

2020ರ ಮಾರ್ಚ್‌ನಲ್ಲಿ, ಆರೋಗ್ಯವಾಗಿ ಇರುವವರಿಗೆ ಮಾಸ್ಕ್ ಬೇಡ ಅಂದಿದ್ದರು. ಏಪ್ರಿಲ್ ಶುರುವಿಗೆ ಮನೆಯಲ್ಲೇ ಹೊಲಿದದ್ದಾದರೂ ಹಾಕಿ ಅಂದರು. ಗೊತ್ತಾದಂತೆ ತಿದ್ದಿಕೊಂಡರು, ಸರಿ. ಕೋವಿಶೀಲ್ಡ್ ಎರಡನೇ ಡೋಸ್ ಮೊದಲು 4ರಿಂದ 6 ವಾರಕ್ಕೆ, 2021ರ ಮಾರ್ಚ್‌ನಲ್ಲಿ 4ರಿಂದ 8 ವಾರ, ಮೇಯಲ್ಲಿ 12ರಿಂದ 16 ವಾರ. ಅಂತರ ಹೆಚ್ಚಿದರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಅಧ್ಯಯನದ ಆಧಾರ ಇತ್ತು. ಆದರೆ ಅದೇ ಹೊತ್ತಿಗೆ ಲಸಿಕೆಯೂ ಖಾಲಿ. ನಮ್ಮ ಆಯಿ ಬೆಳಿಗ್ಗೆ ಆರಕ್ಕೆ ಹೋಗಿ ಸಾಲಿನಲ್ಲಿ ನಿಂತು, ಇವತ್ತಿಲ್ಲ ಅನ್ನಿಸಿಕೊಂಡು ಬಂದು, ಸಂಜೆ ಟಿವಿಯಲ್ಲಿ ಅಂತರ ಹೆಚ್ಚಿಸಿದ ಸುದ್ದಿ ಕೇಳಿ, "ಇಲ್ಲದ್ದಕ್ಕೆ ಒಂದು ನೆಪ" ಅಂದಳು. ಅವಳದ್ದು ಪೂರ್ತಿ ಸರಿ ಅಲ್ಲ. ಆದರೆ ಎರಡನ್ನೂ ಬಿಚ್ಚಿ ಹೇಳಿದ್ದರೆ ಅವಳು ಒಪ್ಪುತ್ತಿದ್ದಳು. ಹಟ ಮಾಡುವ ಹೆಂಗಸಲ್ಲ.

ನನಗೆ ಕಂಡ ಮಟ್ಟಿಗೆ ಜನ ಸಿಟ್ಟಾದದ್ದು ಬಾಗಿಲು ಹಾಕಿ ಅಂದದ್ದಕ್ಕಲ್ಲ. ಯಾಕೆ ಅಂತ ಕೇಳಿದವನಿಗೆ ಲಾಠಿ, ಯಾಕೆ ಬದಲಾಯಿತು ಅಂತ ಕೇಳಿದವನಿಗೆ ಮೌನ, ಅದಕ್ಕೆ. 2021ರ ಏಪ್ರಿಲ್ 22ರ ಮಧ್ಯಾಹ್ನ ನೆನಪಿದೆಯಾ? ರಾತ್ರಿ ಕರ್ಫ್ಯೂ, ವಾರಾಂತ್ಯ ಕರ್ಫ್ಯೂ ಮಾತ್ರ ಅಂದುಕೊಂಡು ಎಲ್ಲರೂ ಅಂಗಡಿ ತೆಗೆದಿದ್ದರು. ಹಾಡುಹಗಲೇ ಬಂದು ಅಗತ್ಯ ವಸ್ತು ಬಿಟ್ಟು ಉಳಿದದ್ದೆಲ್ಲ ಮುಚ್ಚಿ ಅಂದರು. ಮದುವೆ ಸೀಸನ್. ಬಟ್ಟೆ ಅಂಗಡಿಯಲ್ಲಿ ಮದುಮಗಳು ಸೀರೆ ಹೆಗಲಿಗೆ ಹಾಕಿ ನೋಡುತ್ತಿರುವಾಗ ಶಟರ್ ಇಳಿಯಿತು.

ನನ್ನ ಮೇಲೆ ಕೇಸ್ ಹಾಕಿದ್ದರು. ಬಸ್ಕಿಯನ್ನೂ ಹೊಡೆಸಿದರು. ಎರಡೂ ಕಾನೂನಾ?

ಕೇಸ್ ಕಾನೂನು, ಬಸ್ಕಿ ಅಲ್ಲ.

ಅಧಿಕಾರಿಯ ಆದೇಶ ಮೀರಿದ್ದಕ್ಕೆ ಆಗ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ 188ನೇ ಸೆಕ್ಷನ್ ಹಾಕುತ್ತಿದ್ದರು. ಒಂದು ತಿಂಗಳವರೆಗೆ ಜೈಲು ಇಲ್ಲವೇ 200 ರೂಪಾಯಿವರೆಗೆ ದಂಡ. ಜನರ ಜೀವಕ್ಕೆ, ಆರೋಗ್ಯಕ್ಕೆ ಅಪಾಯ ಆಗುವ ಹಾಗಿದ್ದರೆ ಆರು ತಿಂಗಳು, 1,000 ರೂಪಾಯಿ. ಈ ಸೆಕ್ಷನ್‌ನಲ್ಲಿ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳಬೇಕಾದರೆ ಸಂಬಂಧಪಟ್ಟ ಅಧಿಕಾರಿಯೇ ಬರವಣಿಗೆಯಲ್ಲಿ ದೂರು ಕೊಡಬೇಕು. ವಿಪತ್ತು ಕಾಯ್ದೆಯ 51ನೇ ಸೆಕ್ಷನ್ ಹಾಕಿದರೆ ಒಂದು ವರ್ಷದವರೆಗೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ಇದೇ ವಿಷಯ 223ನೇ ಸೆಕ್ಷನ್. ನಡುರಸ್ತೆಯಲ್ಲಿ ಕಿವಿ ಹಿಡಿದು ಬಸ್ಕಿ ಹೊಡೆಸಿ, ಅದರ ವಿಡಿಯೋ ಮಾಡಿ ಬಿಡಿ ಅಂತ ಇವು ಯಾವುದರಲ್ಲೂ ಬರೆದಿಲ್ಲ. ನಿಮ್ಮ ಮೇಲಿನ ಕೇಸ್ ಈಗ ಯಾವ ಹಂತದಲ್ಲಿದೆ ಅಂತ ವಕೀಲರ ಹತ್ತಿರ ಕೇಳಿ. ಪಾಸ್‌ಪೋರ್ಟ್ ಮಾಡಿಸುವಾಗ ನೆನಪಾಗುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು.

ಹಾಗಾದರೆ ಏನು ಮಾಡಬೇಕಿತ್ತು ಅಂತೀರಿ?

ದೊಡ್ಡ ದೊಡ್ಡವರ ಕೆಲಸ ನನಗೆ ಗೊತ್ತಿಲ್ಲ. ಪ್ರಿಂಟ್ ತೆಗೆಯುವವನ ಕಡೆಯಿಂದ ಮೂರು ಮಾತು ಹೇಳಬಲ್ಲೆ.

ನನ್ನ ಕೈಗೆ ಬಂದ ಪಿಡಿಎಫ್‌ಗಳಲ್ಲಿ ಬಹಳಷ್ಟು ಇಂಗ್ಲಿಷ್‌ನಲ್ಲಿದ್ದವು. ಅಂಗಡಿ ಮುಂದೆ ನಿಂತವರಿಗೆ ನಾನು ಓದಿ ಕನ್ನಡದಲ್ಲಿ ಹೇಳಬೇಕಿತ್ತು. ನಾನು ತಪ್ಪು ಹೇಳಿದರೆ ಪೆಟ್ಟು ಅವರಿಗೆ. ಆದೇಶ ಮೊದಲು ಕನ್ನಡದಲ್ಲಿ ಬರಲಿ. ಎರಡನೆಯದು, ರಾತ್ರಿ ಹೇಳಿ ಬೆಳಿಗ್ಗೆಯಿಂದ ಜಾರಿ ಅನ್ನಬೇಡಿ. ಜೀವ ಹೋಗುವ ತುರ್ತು ಇಲ್ಲದಿದ್ದರೆ ಒಂದು ದಿನ ಪುರಸೊತ್ತು ಕೊಡಿ, ಮೀನಿನವಳು ಬುಟ್ಟಿ ತುಂಬಿಸುವ ಮೊದಲು ಗೊತ್ತಾಗಲಿ. ಮೂರನೆಯದು, ಹೊಸ ಆದೇಶ ಬಂದರೆ ಹಳೆಯದರಲ್ಲಿ ಯಾವ ಸಾಲು ಹೋಯಿತು ಅಂತ ಒಂದು ಕಡೆ ಬರೆಯಿರಿ. ತಿದ್ದುಪಡಿಗೆ ತಿದ್ದುಪಡಿ ಬಂದು, ಈಗ ಯಾವುದು ಚಾಲ್ತಿ ಅಂತ ಚೆಕ್‌ಪೋಸ್ಟಿನವರಿಗೇ ಗೊತ್ತಿರುತ್ತಿರಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಮೊನ್ನೆಯ ಕಾಪಿ. ಅದು ನಾನೇ ಕೊಟ್ಟದ್ದು.

ಆ ಹಳೆಯ ಆದೇಶಗಳ ಪ್ರತಿ ಈಗಲೂ ನಿಮ್ಮ ಹತ್ತಿರ ಇದೆಯಾ?

ಇದೆ. ಪೂರ್ತಿ ಬೇಕಾದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ನನ್ನಲ್ಲಿರುವುದು ಒಂದೇ ಕಟ್ಟು. ಒಬ್ಬರು ಊರಿಗೆಲ್ಲ ಹಂಚಲು ಅಂತ ಬೆಳಿಗ್ಗೆ ಇನ್ನೂರು ಪ್ರತಿ ಮಾಡಲು ಹೇಳಿದ್ದರು. ಮಧ್ಯಾಹ್ನದ ಹೊತ್ತಿಗೆ ಸಮಯ ಬದಲಾಯಿತು. ಇನ್ನು ಇದನ್ನು ಹಂಚಿ ಎಂತ ಮಾಡೋದು ಅಂತ ಅವರು ತೆಗೆದುಕೊಂಡು ಹೋಗಲಿಲ್ಲ, ದುಡ್ಡನ್ನೂ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಹಿಂಬದಿ ಖಾಲಿ ಇದೆ. ಅಂಗಡಿಯ ಚಿಲ್ಲರೆ ಲೆಕ್ಕ ಅದರಲ್ಲೇ ಬರೆಯುತ್ತೇನೆ. ಇನ್ನೂ ಅರ್ಧ ಕಟ್ಟು ಉಳಿದಿದೆ.